ಡೊರೀನ್ ಬಾಯಿ ಬಿಗಿಹಿಡಿದ ಶುಕ್ರವಾರ

ಇಂಗ್ಲೆಂಡಿನ ಗಿರಣಿಗಳ ಊರು ಬ್ರಿಗ್‌ಶಾದಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾವ ಗಿರಣಿ ಬಾಗಿಲು ಹಾಕುತ್ತಿದೆ, ಯಾರ ಮಗಳು ಯಾರ ಜೊತೆ ತಿರುಗುತ್ತಿದ್ದಾಳೆ ಎನ್ನುವುದೆಲ್ಲ ಮೊದಲು ತಿಳಿಯುತ್ತಿದ್ದದ್ದು ಡೊರೀನ್ ಹ್ಯಾಲಿವೆಲ್‌ಗೆ. ಅವಳೇನೂ ಯಾರನ್ನೂ ಕೆದಕಿ ಕೇಳುತ್ತಿರಲಿಲ್ಲ. ಪ್ರಾಥಮಿಕ ಶಾಲೆಯ ಗೇಟಿನ ಎದುರಿಗೇ ಅವಳ ಮೀನು-ಚಿಪ್ಸ್ ಅಂಗಡಿ. ಶುಕ್ರವಾರ ಸಂಜೆ ಗಿರಾಕಿಗಳ ಸಾಲು ಬಾಗಿಲು ದಾಟಿ ಬಸ್ ನಿಲ್ದಾಣದವರೆಗೆ ಬೆಳೆಯುತ್ತಿತ್ತು. ಸಾಲಿನಲ್ಲಿ ನಿಂತವರಿಗೆ ಮಾತಲ್ಲದೆ ಬೇರೆ ಕೆಲಸವೇನಿದೆ? ಅವಳ ಗಂಡ ವಿಲ್ಫ್ ಬಾಣಲೆಗಳ ಮುಂದೆ ಬೆನ್ನು ತಿರುಗಿಸಿ ನಿಂತು ಮೀನು ಕರಿಯುತ್ತಿದ್ದ, ತುಟಿ ಬಿಚ್ಚುತ್ತಿರಲಿಲ್ಲ. ಇಬ್ಬರ ಪಾಲಿನ ಮಾತನ್ನೂ ಡೊರೀನ್ ಒಬ್ಬಳೇ ಕೌಂಟರಿನ ಹಿಂದೆ ನಿಂತು ಆಡಿ ಮುಗಿಸುತ್ತಿದ್ದಳು.

ಈ ವರ್ಷ ಈಸ್ಟರಿಗೆ ಮುಂಚೆ ಅವಳು ತೀರಿಕೊಂಡಳು. ಚರ್ಚಿನಲ್ಲಿ ಜಾಗ ಸಾಲದೆ ಜನ ಹೊರಗೆ ಸಮಾಧಿಗಳ ನಡುವೆ ಚಳಿಯಲ್ಲಿ ನಿಂತಿದ್ದರು. ಅಲ್ಲಿ ಎದ್ದು ನಿಂತು ಮಾತಾಡಿದವರೆಲ್ಲ ಅವಳ ಮಾತುಗಾರಿಕೆಯನ್ನೇ ನೆನೆದರು, ನೆನೆದು ನಕ್ಕರು. ಹೇಳಿದ್ದೆಲ್ಲ ನಿಜವೇ. ಆದರೆ ಅವಳನ್ನು ಹತ್ತಿರದಿಂದ ಬಲ್ಲವರಿಗೆ ಮೊದಲು ನೆನಪಾಗುವುದು ಅವಳು ಮಾತಾಡದೆ ಇದ್ದ ಒಂದು ವಾರ. ಆ ವಾರದ ಕತೆ ಚರ್ಚಿನಲ್ಲಿ ಹೇಳುವಂಥದ್ದಾಗಿರಲಿಲ್ಲ. ಇಲ್ಲಿ ಹೇಳಬಹುದು.

ಶುರುವಾದದ್ದು ಒಂದು ಮಂಗಳವಾರ ಮಧ್ಯಾಹ್ನ. ಅಂಗಡಿ ಇನ್ನೂ ತೆರೆದಿರಲಿಲ್ಲ. ಶಾಲೆಯ ಮುಖ್ಯೋಪಾಧ್ಯಾಯಿನಿ ಜ್ಯಾನೆಟ್ ಫೇರ್‌ಹರ್ಸ್ಟ್ ಗಾಜಿನ ಬಾಗಿಲು ತಟ್ಟಿದರು.

"ಡೊರೀನ್, ಒಂದು ವಿಷಯ ಕೇಳ್ಬೇಕಿತ್ತು."

"ಮೀನು ಇನ್ನೂ ಬಾಣಲೆ ಕಂಡಿಲ್ಲ ಮೇಡಂ. ಬೇರೆ ಏನಾದ್ರೂ ಕೇಳಿ."

"ನಮ್ಮ ಶಾಲೆಗೆ ಗವರ್ನರ್ ಆಗ್ತೀರಾ?"

ಡೊರೀನ್ ನಕ್ಕಳು. ಜ್ಯಾನೆಟ್ ನಗಲಿಲ್ಲ. ಗವರ್ನರ್ ಎಂದರೆ ಶಾಲೆಯ ಆಡಳಿತ ಮಂಡಳಿಯ ಸದಸ್ಯರು; ಆ ಮಂಡಳಿಯಲ್ಲಿ ಒಂದು ಸ್ಥಾನ ಖಾಲಿ ಇತ್ತು. ಪಾದ್ರಿಗಳಿದ್ದರು, ಹಲ್ಲಿನ ಡಾಕ್ಟರಮ್ಮ ಇದ್ದರು, ಬ್ಯಾಂಕಿನಿಂದ ನಿವೃತ್ತರಾದ ನೆವಿಲ್ ಕ್ರಾಬ್‌ಟ್ರೀ ಇದ್ದರು, ತಂದೆತಾಯಿಗಳು ಆರಿಸಿ ಕಳಿಸಿದ ಒಬ್ಬಿಬ್ಬರಿದ್ದರು. ಊರಿನ ನಾಡಿ ಹಿಡಿದು ನೋಡಬಲ್ಲವರು ಮಾತ್ರ ಯಾರೂ ಇರಲಿಲ್ಲ.

"ನಾನು ಹದಿನೈದಕ್ಕೆ ಓದು ಬಿಟ್ಟೋಳು. ನಿಮ್ಮ ಶಾಲೆ ಕಾರಿಡಾರಿನ ವಾಸನೆ ಬಂದ್ರೆ ಈಗ್ಲೂ ಓಡಿಹೋಗೋಣ ಅನ್ಸತ್ತೆ. ನನ್ನಂಥೋಳು ಅಲ್ಲಿ ಏನು ಮಾಡ್ಲಿ?"

"ಪ್ರಶ್ನೆ ಕೇಳಿ. ಅಷ್ಟೇ. ನಾನು ಏನಾದ್ರೂ ಮಾಡ್ತೀನಿ ಅಂದ್ರೆ ಯಾಕೆ ಅಂತ ಕೇಳಿ. ಮಾಡಿದ ಮೇಲೆ ಏನಾಯ್ತು ಅಂತ ಕೇಳಿ. ಮಕ್ಕಳಿಗೆ ಏನು ಸಿಕ್ತು ಅಂತ ಕೇಳಿ."

"ಸಂಬಳ?"

"ಇಲ್ಲ."

"ಊಟ?"

"ಬಿಸ್ಕತ್ತು. ಅದೂ ಸಾದಾ ಬಿಸ್ಕತ್ತು, ಚಾಕಲೇಟಿಂದಲ್ಲ."

ಡೊರೀನ್ ಎರಡು ದಿನ ಯೋಚಿಸಿದಳು. "ಇನ್ಮೇಲೆ ನಿನ್ನನ್ನ ಕರ್ಕೊಂಡು ಹೋಗೋಕೆ ಸಾರೋಟು ಬರತ್ತಾ?" ಎಂದು ವಿಲ್ಫ್ ಬೆನ್ನು ತಿರುಗಿಸಿಕೊಂಡೇ ಕೇಳಿದ. ಆ ತಿಂಗಳಲ್ಲಿ ಅವನಾಡಿದ ಅತಿ ಉದ್ದದ ಮಾತು ಅದೇ ಇರಬೇಕು. ಮೂರನೆಯ ದಿನ ಅವಳು ರಸ್ತೆ ದಾಟಿ ಹೋಗಿ ಒಪ್ಪಿಕೊಂಡು ಬಂದಳು. "ಇಷ್ಟು ವರ್ಷದಲ್ಲಿ ನನ್ನ ಹತ್ರ ಎಲ್ರೂ ಚಿಪ್ಸ್ ಕೇಳಿದಾರೆ. ನಿನ್ನ ಅಭಿಪ್ರಾಯ ಏನು ಅಂತ ಕೇಳಿದ್ದು ಆಯಮ್ಮ ಒಬ್ರೇ" ಎಂದು ಅವಳು ಮುಂದೆ ಎಷ್ಟೋ ಸಲ ಹೇಳುತ್ತಿದ್ದಳು. ಆ ಋಣವನ್ನು ಅವಳು ಕೊನೆಯವರೆಗೂ ಮರೆಯಲಿಲ್ಲ.

ಮಂಡಳಿಗೆ ಒಬ್ಬ ಕಾರ್ಯದರ್ಶಿ ಇರುತ್ತಾರೆ. ಸಭೆಯ ನಡಾವಳಿ ಬರೆಯುವುದು, ಕಾಯಿದೆ ಏನು ಹೇಳುತ್ತದೆ ಎಂದು ತಿಳಿಸುವುದು ಅವರ ಕೆಲಸ. ಊರಿನ ಗ್ರಂಥಾಲಯದ ಹಿಲರಿ ಶಾ ಆಗ ಆ ಕೆಲಸದಲ್ಲಿದ್ದಳು. ಹೊಸ ಸದಸ್ಯರ ತರಬೇತಿಗೆ ಡೊರೀನ್‌ಳನ್ನು ಒಂದು ಶನಿವಾರ ಜಿಲ್ಲಾ ಕಚೇರಿಗೆ ಕರೆದುಕೊಂಡು ಹೋದವಳೂ ಅವಳೇ. ಅವರಿಬ್ಬರ ಗೆಳೆತನ ಆ ಬಸ್ಸಿನಲ್ಲಿ ಶುರುವಾಯಿತು.

ತರಬೇತಿ ಕೊಟ್ಟಾತ ದಿನವಿಡೀ ಹೇಳಿದ್ದರ ಸಾರ ಒಂದೇ. ಕಣ್ಣು ಒಳಗಿರಲಿ, ಕೈ ಹೊರಗಿರಲಿ. ಶಾಲೆ ಎತ್ತ ಹೋಗಬೇಕು ಎಂದು ಮಂಡಳಿ ನಿರ್ಧರಿಸಬಹುದು. ಮುಖ್ಯೋಪಾಧ್ಯಾಯರನ್ನು ಆರಿಸಬಹುದು, ಖರ್ಚು ನೋಡಬಹುದು, ಎಷ್ಟು ಬೇಕಾದರೂ ಪ್ರಶ್ನೆ ಕೇಳಬಹುದು. ದಿನನಿತ್ಯದ ಕೆಲಸಕ್ಕೆ ಮೂಗು ತೂರಿಸುವಂತಿಲ್ಲ. ಇನ್ನೊಂದು ಮಾತನ್ನು ಆತ ಒತ್ತಿ ಹೇಳಿದ: ಮಂಡಳಿ ಒಟ್ಟಿಗೆ ಕೂತಾಗ ಮಾತ್ರ ಅದಕ್ಕೆ ಅಧಿಕಾರ. ಸಭೆಯ ಹೊರಗೆ ಒಬ್ಬೊಬ್ಬ ಗವರ್ನರಿಗೂ ಬೀದಿಯಲ್ಲಿ ಹೋಗುವವನಿಗಿರುವಷ್ಟೇ ಅಧಿಕಾರ.

"ಅಂದ್ರೆ ಬೇಕರಿಯ ಗಾಜಿನ ಪೆಟ್ಟಿಗೆ ಮುಂದೆ ನಿಂತ ಹಾಗೆ. ನೋಡ್ಬೇಕು, ಮುಟ್ಟಬಾರದು" ಎಂದು ವಾಪಸು ಬರುವಾಗ ಡೊರೀನ್ ಹೇಳಿದಳು.

ಹೇಳಿದಷ್ಟು ಸುಲಭವಾಗಿ ಅದು ಅವಳಿಗೆ ಬರಲಿಲ್ಲ. ಮೊದಲ ಸಲ ಶಾಲೆ ನೋಡಲು ಹೋದವಳು ಅಡುಗೆಮನೆಗೆ ನುಗ್ಗಿ, ಎಲೆಕೋಸನ್ನು ಇಷ್ಟು ಬೇಯಿಸಿದರೆ ಯಾವ ಮಗು ತಿನ್ನುತ್ತದೆ ಎಂದು ಅಡುಗೆಯವಳಿಗೆ ಪಾಠ ಹೇಳಿ ಬಂದಳು. ಅಡುಗೆಯವಳು ಏಪ್ರನ್ ಬಿಚ್ಚಿ ಮೇಜಿನ ಮೇಲೆ ಎಸೆದಳು. ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ಜ್ಯಾನೆಟ್‌ಗೆ ಸಾಕುಸಾಕಾಯಿತು.

ಸಭೆಗಳಲ್ಲಿ ಅವಳಿಗೂ ನೆವಿಲ್ ಕ್ರಾಬ್‌ಟ್ರೀಗೂ ಎಣ್ಣೆ ಸೀಗೆಕಾಯಿ. ನೆವಿಲ್ ಒಣಕಲು ಮನುಷ್ಯ, ಇಸ್ತ್ರಿ ಮಾಡಿದ ಕರವಸ್ತ್ರದಂಥವರು. ಯಾರು ಏನೇ ಹೇಳಲಿ, ಕನ್ನಡಕ ಸರಿಮಾಡಿಕೊಂಡು ಒಂದೇ ಮಾತು ಕೇಳುತ್ತಿದ್ದರು: "ಅದಕ್ಕೆ ಆಧಾರ?"

"ಮಕ್ಕಳು ಮೊದಲಿಗಿಂತ ಖುಷಿಯಾಗಿದಾರೆ ಅಂದೆ."

"ಆಧಾರ?"

"ನನ್ನ ಕಣ್ಣು, ಮಿಸ್ಟರ್ ಕ್ರಾಬ್‌ಟ್ರೀ. ಎರಡಿವೆ ನಂಗೆ."

"ಬರ್ಕೊಳ್ಳಿ" ಎಂದು ನೆವಿಲ್ ಹಿಲರಿಗೆ ಹೇಳುತ್ತಿದ್ದರು. "ಎರಡು ಕಣ್ಣು."

ಹೀಗೆ ಎರಡು ವರ್ಷ ಕಳೆಯಿತು. ದಪ್ಪದಪ್ಪ ಕಾಗದಗಳನ್ನು ಸೋಮವಾರ ಅಂಗಡಿಗೆ ರಜೆ ಇದ್ದಾಗ ಅವಳು ಅಡುಗೆಮೇಜಿನ ಮೇಲೆ ಹರಡಿಕೊಂಡು ಓದುತ್ತಿದ್ದಳು, ಅರ್ಥವಾಗದ್ದನ್ನು ಹಿಲರಿಗೆ ಫೋನ್ ಮಾಡಿ ಕೇಳುತ್ತಿದ್ದಳು. ಮೂರನೆಯ ಚಳಿಗಾಲದಲ್ಲಿ ಜೋಡಿ ಎಂಬ ಹುಡುಗಿಯ ವಿಷಯ ಬಂತು.

ಅವಳಿಗೆ ಹತ್ತು ವರ್ಷ. ಅವಳಮ್ಮ ಶೆರಿಲ್ ವೃದ್ಧಾಶ್ರಮದಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದಳು. ಮಗುವನ್ನು ಸಾಕಿದವಳು ಅಜ್ಜಿ. ಬೇಸಿಗೆಯಲ್ಲಿ ಅಜ್ಜಿ ತೀರಿಹೋದಳು. ಆಮೇಲೆ ಜೋಡಿ ಯಾರ ಮಾತಿಗೂ ಬಗ್ಗದ ಹಾಗಾದಳು. ಬೈದಳು, ಒದ್ದಳು, ಎರಡು ಸಲ ಕೆಲವು ದಿನಗಳ ಮಟ್ಟಿಗೆ ಶಾಲೆಯಿಂದ ಹೊರಗೂ ಇದ್ದು ಬಂದಳು. ನವೆಂಬರಿನಲ್ಲಿ ಒಂದು ದಿನ ತರಗತಿಯಲ್ಲಿ ಕುರ್ಚಿ ಎತ್ತಿ ಎಸೆದಳು. ಅದು ಬಿದ್ದದ್ದು ತರಗತಿಯ ಸಹಾಯಕಿ ಪೋಲೀನ್ ಮೇಲೆ. ಪೋಲೀನಳ ಮಣಿಕಟ್ಟಿನ ಮೂಳೆ ಮುರಿಯಿತು. ಮರುದಿನ ಜ್ಯಾನೆಟ್ ಜೋಡಿಯನ್ನು ಶಾಲೆಯಿಂದ ಶಾಶ್ವತವಾಗಿ ಹೊರಹಾಕಿದರು.

ಇಂಥ ನಿರ್ಧಾರ ಮುಖ್ಯೋಪಾಧ್ಯಾಯರದು. ಆದರೆ ಅದು ನಿಲ್ಲಬೇಕೋ ಬೇಡವೋ ಎಂದು ನೋಡಲು ಮಂಡಳಿಯ ಮೂವರು ಕೂರಬೇಕು. ತಾಯಿಯ ಮಾತು ಕೇಳಬೇಕು, ಶಾಲೆಯ ಮಾತು ಕೇಳಬೇಕು, ಕೊನೆಗೆ ಬಾಗಿಲು ಹಾಕಿಕೊಂಡು ತೀರ್ಮಾನಿಸಬೇಕು. ಒಪ್ಪಿಗೆಯಾಗದಿದ್ದರೆ ಮಗುವನ್ನು ವಾಪಸು ತೆಗೆದುಕೊಳ್ಳಿ ಎಂದು ಹೇಳಬಹುದು. ಆ ಮೂವರ ಸಮಿತಿಗೆ ಪಾದ್ರಿಗಳ, ಡಾಕ್ಟರಮ್ಮನ, ಡೊರೀನಳ ಹೆಸರು ಬಂತು.

ಅದು ತಿಳಿದ ಸಂಜೆ ಶೆರಿಲ್ ಅಂಗಡಿಗೆ ಬಂದಳು. ಶುಕ್ರವಾರ, ಸಾಲು ತುಂಬಿತ್ತು. ಅವಳು ಏನನ್ನೂ ಕೊಳ್ಳಲು ಬಂದಿರಲಿಲ್ಲ. ಕೌಂಟರಿನ ಮುಂದೆ ಬಂದು ನಿಂತವಳು ಅಳತೊಡಗಿದಳು.

"ಬೇರೆ ಶಾಲೆ ಅಂದ್ರೆ ಎರಡು ಬಸ್ಸು ಬದಲಾಯಿಸ್ಬೇಕು ಡೊರೀನ್. ನಾನು ಬೆಳಿಗ್ಗೆ ಪಾಳಿಯಿಂದ ಬರೋದೇ ಎಂಟಕ್ಕೆ. ಹೊಸ ಕಡೆ ಅವಳು ಯಾರ ಹತ್ರಾನೂ ಮಾತಾಡಲ್ಲ. ನಮ್ಮಮ್ಮ ಅವಳನ್ನ ಈ ಗೇಟಿಗೇ ಕೈ ಹಿಡ್ಕೊಂಡು ಕರ್ಕೊಂಡು ಬರ್ತಿದ್ದಿದ್ದು."

ಡೊರೀನಳ ಕೈ ಆಗಲೇ ಕೌಂಟರಿನಾಚೆ ಹೋಗಿ ಶೆರಿಲ್‌ಳ ಕೈ ಹಿಡಿದಿತ್ತು. ಬಾಯಿ ಅದಕ್ಕಿಂತ ಮುಂದಿತ್ತು.

"ಅಳಬೇಡ ಚಿನ್ನ. ಸಮಿತೀಲಿ ನಾನಿದೀನಿ. ನಾನಿರೋ ತನಕ ಆ ಮಗೂನ ಯಾರೂ ಆಚೆ ಹಾಕಲ್ಲ. ಇದು ನನ್ನ ಮಾತು, ಇಟ್ಕೋ."

ಸಾಲಿನಲ್ಲಿದ್ದ ಯಾರೋ ಚಪ್ಪಾಳೆ ತಟ್ಟಿದರು. "ಭೇಷ್ ಡೊರೀನ್!" ಎಂದರು. ಸಾಲಿನಲ್ಲಿ ಐದನೆಯವಳಾಗಿ ನಿಂತಿದ್ದ ಹಿಲರಿ ಮಾತ್ರ ಕಣ್ಣು ಮುಚ್ಚಿಕೊಂಡಳು.

ಅಂಗಡಿ ಕೊಂಚ ಖಾಲಿಯಾದಾಗ ಅವಳು ಡೊರೀನ್‌ಳನ್ನು ಹಿಂದಿನ ಕೋಣೆಗೆ, ಆಲೂಗೆಡ್ಡೆ ಮೂಟೆಗಳ ನಡುವೆ, ಕರೆದಳು.

"ಏನಂದ್ಬಿಟ್ಟೆ ನೀನು? ನೀನು ಸಮಿತೀಲಿ ಇದೀಯ ಕಣೇ."

"ಅದಕ್ಕೇ ಅಂದಿದ್ದು!"

"ಅದಕ್ಕೇ ಇನ್ಮೇಲೆ ಇರೋ ಹಾಗಿಲ್ಲ. ಒಂದು ಕಡೆ ಮಾತೂ ಕೇಳದೆ ತೀರ್ಪು ಕೊಟ್ಬಿಟ್ಟೆ. ಅದೂ ಅರ್ಧ ಊರಿನ ಮುಂದೆ. ನೀನು ಅಲ್ಲಿ ಕೂತ್ರೆ ಸಮಿತಿ ಏನೇ ಹೇಳಿದ್ರೂ ಅದು ನಿಲ್ಲಲ್ಲ."

ಡೊರೀನ್ ಒಂದು ಮೂಟೆಯ ಮೇಲೆ ಕೂತಳು. ತರಬೇತಿಯ ಶನಿವಾರ ಕೇಳಿದ ಮಾತು ಅವಳಿಗೆ ನೆನಪಿರಲಿಲ್ಲ ಎಂದಲ್ಲ. ಕೌಂಟರಿನ ಹಿಂದೆ ನಿಂತಾಗ ತಾನು ಗವರ್ನರ್ ಎನ್ನುವುದೇ ಮರೆತುಹೋಗಿತ್ತು. ಅಥವಾ ಅದೊಂದೇ ನೆನಪಿತ್ತು. ಯಾವುದು ನಿಜ ಎಂದು ಅವಳಿಗೇ ಕೊನೆಗೂ ಬಗೆಹರಿಯಲಿಲ್ಲ. ಆಡಿದ ಮಾತನ್ನು ನುಂಗಲಾಗದು. ಆ ಹುಡುಗಿಯ ಪರ ಏಳಬಹುದಾಗಿದ್ದ ಒಂದು ಕೈಯನ್ನು ಅವಳೇ ಕಡಿದು ಹಾಕಿದ್ದಳು.

"ರಾಜೀನಾಮೆ ಕೊಟ್ಬಿಡ್ತೀನಿ."

"ಅದು ಸುಲಭ. ಕೊಟ್ರೆ ನಿಂಗೆ ಹಗುರ ಆಗತ್ತೆ, ಆ ಮಗೂಗೆ ಏನೂ ಆಗಲ್ಲ" ಎಂದಳು ಹಿಲರಿ. "ಸಮಿತಿಯಿಂದ ಹೊರಗೆ ಬಾ. ಮಂಡಳೀಲಿ ಇರು. ಬಾಯಿ ಮುಚ್ಕೊಂಡಿರು. ನಿಂಗೆ ಯಾವುದು ಕಷ್ಟಾನೋ ಅದನ್ನ ಮಾಡು."

"ನನ್ನ ಬದಲಿಗೆ ಯಾರು?"

ಉಳಿದವರಲ್ಲಿ ಕೆಲವರು ಶಾಲೆಯ ಸಿಬ್ಬಂದಿ, ಕೆಲವರ ಮಕ್ಕಳು ಜೋಡಿಯ ತರಗತಿಯಲ್ಲೇ ಇದ್ದರು, ಒಬ್ಬರು ಪೋಲೀನ್‌ಳ ಭಾವ. ಯಾರ ಹೆಸರು ಎತ್ತಿದರೂ ಒಂದೊಂದು ನಂಟು. ಆ ವಾರ ವೇಲ್ಸಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದ, ಈ ಗಲಾಟೆಯ ಗಾಳಿಯೂ ಸೋಕದ ಒಬ್ಬರೇ ಒಬ್ಬರು ಉಳಿದಿದ್ದರು.

"ಅಯ್ಯೋ ದೇವರೇ, ಅವರು ಬೇಡ" ಎಂದಳು ಡೊರೀನ್.

"ಅವರೇ" ಎಂದಳು ಹಿಲರಿ. "ಇನ್ನೊಂದು ಮಾತು. ವಿಚಾರಣೆ ಬರೋ ಸೋಮವಾರದಾಚೆ ಸೋಮವಾರ. ಅಷ್ಟರೊಳಗೆ ಯಾರಾದ್ರೂ ಹೋಗಿ ನೆವಿಲ್ ಕಿವಿ ಊದಿದ್ರೆ ಅವರೂ ಎದ್ದು ಹೋಗ್ತಾರೆ. ಅವರ ಸ್ವಭಾವ ಗೊತ್ತಲ್ಲ. ಆಮೇಲೆ ಬೇರೆ ಶಾಲೆಯಿಂದ ಯಾರನ್ನಾದ್ರೂ ಎರವಲು ತರ್ಬೇಕು. ಕ್ರಿಸ್‌ಮಸ್ ರಜೆ ಬಂದ್ಬಿಡತ್ತೆ. ಆ ಹುಡುಗಿ ಅಲ್ಲೀವರೆಗೂ ಮನೇಲಿ ಗೋಡೆ ನೋಡ್ಕೊಂಡು ಕೂತಿರ್ಬೇಕು."

ಮರುದಿನ ಡೊರೀನ್ ಶೆರಿಲ್‌ಳ ಮನೆಗೆ ಹೋಗಿ, ತನ್ನ ಮಾತು ಉಳಿಸಿಕೊಳ್ಳಲು ಆಗುವುದಿಲ್ಲ, ಕೊಟ್ಟದ್ದೇ ತಪ್ಪು ಎಂದು ಹೇಳಿದಳು. ಶೆರಿಲ್ ಬಾಗಿಲಲ್ಲೇ ನಿಂತು ಕೇಳಿದಳು. "ನಿನ್ನನ್ನ ನಂಬಿದ್ನಲ್ಲ" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು.

ಆ ವಾರವೆಲ್ಲ ಡೊರೀನ್ ಅಂಗಡಿಯಲ್ಲಿ ಹವಾಮಾನ ಬಿಟ್ಟು ಬೇರೆ ಮಾತಾಡಲಿಲ್ಲ. ಕಾಯಿಲೆ ಬಿದ್ದಿದ್ದಾಳೆ ಎಂದು ಕೆಲವರು ಅಂದುಕೊಂಡರು. ಗಂಡ ಹೆಂಡಿರ ಜಗಳ ಎಂದು ಇನ್ನು ಕೆಲವರು. ಮಾತೇ ಆಡದ ವಿಲ್ಫ್ ಜೊತೆ ಜಗಳವಾಡುವುದು ಹೇಗೆ ಎಂದು ಮಾತ್ರ ಯಾರೂ ಯೋಚಿಸಲಿಲ್ಲ.

ಶುಕ್ರವಾರ ಬಂತು. ನೆವಿಲ್ ಕ್ರಾಬ್‌ಟ್ರೀ ವೇಲ್ಸಿನಿಂದ ವಾಪಸಾಗಿದ್ದರು. ಪ್ರತಿ ಶುಕ್ರವಾರ ಅವರಿಗೆ ಒಂದು ಸಣ್ಣ ಹ್ಯಾಡಕ್ ಮೀನು, ಸ್ವಲ್ಪ ಚಿಪ್ಸ್, ಬಟಾಣಿ ಬೇಡ. ಆರೂವರೆಗೆ ಅವರು ಸಾಲಿಗೆ ಬಂದು ನಿಂತದ್ದನ್ನು ಡೊರೀನ್ ಕಿಟಕಿಯಿಂದಲೇ ಕಂಡಳು. ಅವರ ಬೆನ್ನ ಹಿಂದೆ ಬಂದು ನಿಂತವಳು ಶೆರಿಲ್‌ಳ ದೊಡ್ಡಮ್ಮನ ಮಗಳು ಬೆರಿಲ್. ಬಾಯಿಯಲ್ಲಿ ಡೊರೀನಳಿಗೆ ಸಾಟಿ ಊರಲ್ಲಿ ಯಾರಾದರೂ ಇದ್ದರೆ ಅದು ಬೆರಿಲ್ಲೇ.

ಸಾಲು ಒಂದೊಂದೇ ಹೆಜ್ಜೆ ಮುಂದೆ ಬಂತು. ಬೆರಿಲ್ ಕತ್ತು ಚಾಚಿ ನೆವಿಲ್‌ರ ಮುಖ ನೋಡುತ್ತಿದ್ದಳು. ಹೇಳಬೇಕಾದ್ದು ಡೊರೀನಳಿಗೇ ಬೇಕಾದಷ್ಟಿತ್ತು. ಆ ಹುಡುಗಿ ಅಂಗಡಿಗೆ ಬಂದಾಗ ತನ್ನ ಪೊಟ್ಟಣದ ಅರ್ಧವನ್ನು ಹೊರಗೆ ಕಟ್ಟಿಹಾಕಿದ ನಾಯಿಗೆ ಕೊಡುತ್ತಿದ್ದದ್ದು, ಅಜ್ಜಿ ಸತ್ತ ವಾರವೂ ಅಜ್ಜಿಯ ಪಾಲಿನ ಮೀನು ಕೇಳಿ, ಆಮೇಲೆ ಕೆಂಪಾಗಿ ಬೇಡ ಎಂದದ್ದು. ಒಂದು ಮಾತು ಸಾಕು, ಆ ಒಣಕಲು ಮನುಷ್ಯನ ಎದೆಯೂ ಕರಗಬಹುದು ಎನ್ನಿಸಿತು. ಆ ಒಂದು ಮಾತೇ ಎಲ್ಲವನ್ನೂ ಕೆಡಿಸುತ್ತದೆ ಎಂದೂ ಗೊತ್ತಿತ್ತು.

ನೆವಿಲ್ ಕೌಂಟರಿಗೆ ಬಂದರು.

"ಸಂಜೆ ಶುಭವಾಗಲಿ, ಮಿಸೆಸ್ ಹ್ಯಾಲಿವೆಲ್."

"ಉಪ್ಪು? ವಿನಿಗರ್?"

"ಎರಡೂ. ಇವತ್ತು ಅಂಗಡಿ ತುಂಬ ಸದ್ದಿಲ್ಲದೆ ಇದೆ."

"ಗಂಟಲು ಕಟ್ಟಿದೆ."

ಅಷ್ಟರಲ್ಲಿ ಹಿಂದಿನಿಂದ ಬೆರಿಲ್, "ಮಿಸ್ಟರ್ ಕ್ರಾಬ್‌ಟ್ರೀ, ನೀವೇ ಸಿಕ್ಕಿದ್ದು ಒಳ್ಳೇದಾಯ್ತು ನೋಡಿ. ನಮ್ಮ ಜೋಡಿ..." ಎಂದು ಶುರುಮಾಡಿದಳು.

ಡೊರೀನ್ ಕೈಯಲ್ಲಿದ್ದ ಚಿಪ್ಸಿನ ಕಬ್ಬಿಣದ ಸೌಟನ್ನು ಕೌಂಟರಿನ ಮೇಲೆ ಎಷ್ಟು ಜೋರಾಗಿ ಬಡಿದಳೆಂದರೆ ವಿನಿಗರ್ ಬಾಟಲಿ ಉರುಳಿ ಬಿತ್ತು.

"ಬೆರಿಲ್! ನನ್ನ ಅಂಗಡೀಲಿ ಇವತ್ತು ಒಂದೇ ಪ್ರಶ್ನೆ. ಉಪ್ಪು ಬೇಕಾ, ಬೇಡ್ವಾ?"

"ಅದಲ್ಲ ಡೊರೀನ್, ನಾನು ಬರೀ..."

"ಉಪ್ಪು ಬೇಕಾ, ಬೇಡ್ವಾ?"

"ಏನೇ ಇದು, ನಿಂಗೆ ಹುಚ್ಚು ಹಿಡಿದಿದ್ಯಾ? ಹೋದ ವಾರ ನೀನೇ ಇಲ್ಲಿ ನಿಂತ್ಕೊಂಡು..."

ಆಗ ವಿಲ್ಫ್ ತಿರುಗಿದ. ಗಿರಾಕಿಗಳಲ್ಲಿ ಎಷ್ಟೋ ಮಂದಿ ಅವನ ಮುಖವನ್ನು ಪೂರ್ತಿ ನೋಡಿದ್ದು ಅದೇ ಮೊದಲು.

"ಕೇಳಿಸ್ತಲ್ಲ ಬೆರಿಲ್?" ಎಂದ. "ಉಪ್ಪು."

"ಹಾಕಿ" ಎಂದಳು ಬೆರಿಲ್, ಸಣ್ಣ ದನಿಯಲ್ಲಿ.

ನೆವಿಲ್ ಹಿಂತಿರುಗಿ ನೋಡಲಿಲ್ಲ. ಉರುಳಿದ ಬಾಟಲಿಯನ್ನು ಎತ್ತಿ ನಿಲ್ಲಿಸಿದರು. ಚಿಲ್ಲರೆ ಕೊಟ್ಟು, ಪೊಟ್ಟಣವನ್ನು ಕೋಟಿನೊಳಗೆ ಬೆಚ್ಚಗೆ ಇಟ್ಟುಕೊಂಡು, "ಆ ಗಂಟಲು ಇನ್ನು ಎರಡು ಮೂರು ದಿನ ಹಾಗೇ ಇರಲಿ, ಮಿಸೆಸ್ ಹ್ಯಾಲಿವೆಲ್" ಎಂದು ಹೇಳಿ ಹೋದರು. ಅವರ ತುಟಿಯ ಒಂದು ಮೂಲೆ ಮೇಲಕ್ಕೆ ಹೋಗಿತ್ತು ಎಂದು ಡೊರೀನ್ ಕೊನೆಯವರೆಗೂ ಸಾಧಿಸುತ್ತಿದ್ದಳು. ಅದಕ್ಕೆ ಆಧಾರವಿಲ್ಲ.

ಸೋಮವಾರ ಬೆಳಿಗ್ಗೆ ವಿಚಾರಣೆ ನಡೆದಾಗ ಅವಳು ಮನೆಯಲ್ಲಿ ಒಲೆ ಉಜ್ಜಿದಳು, ಪರದೆ ಒಗೆದಳು, ಒಗೆದದ್ದನ್ನೇ ಇನ್ನೊಮ್ಮೆ ಒಗೆದಳು. ಮಂಗಳವಾರ ಸಂಜೆ ಬಾಗಿಲು ತೆರೆಯುವ ಮೊದಲೇ ಶೆರಿಲ್ ಗಾಜು ತಟ್ಟಿದಳು. ಮುಖ ನೋಡಿದರೇ ತಿಳಿಯುತ್ತಿತ್ತು.

"ವಾಪಸು ತಗೋಬೇಕಂತೆ ಡೊರೀನ್! ಸೋಮವಾರದಿಂದ!"

ಅಲ್ಲಿ ಏನೇನಾಯಿತೆಂದು ಶೆರಿಲ್ ಉಸಿರು ಬಿಡದೆ ಹೇಳಿದಳು. ಪಾದ್ರಿಗಳು ಮೆತ್ತಗೆ ಮಾತಾಡಿದರಂತೆ. ಡಾಕ್ಟರಮ್ಮ ಪೋಲೀನ್‌ಳ ಕೈಯ ಬಗ್ಗೆ ಕೇಳಿದರಂತೆ. "ಆಮೇಲೆ ಆ ತೆಳ್ಳಗಿರೋರು. ಅಜ್ಜಿ ತೀರಿಕೊಂಡ ಮೇಲೆ ಈ ಮಗೂಗೆ ಶಾಲೆಯಿಂದ ಏನು ಸಹಾಯ ಆಯ್ತು ಅಂದ್ರು. ಸಹಾಯ ಮಾಡಿದೀವಿ ಅಂದ್ರು ಮೇಡಂ. ಅದಕ್ಕೆ ಆಧಾರ ಅಂದ್ರು ಅವರು. ಮೇಡಂ ಹುಡುಕಿದ್ರು. ವಾರಕ್ಕೊಂದು ಸಲ ಒಬ್ಬರು ಬಂದು ಮಾತಾಡಿಸ್ಬೇಕು ಅಂತ ಆಗಿತ್ತಂತೆ, ಬರೋರು ಕೆಲಸ ಬಿಟ್ರಂತೆ, ಆಮೇಲೆ ಯಾರೂ ಬರ್ಲೇ ಇಲ್ವಂತೆ. ಮೇಡಂ ಮುಚ್ಚಿಡ್ಲಿಲ್ಲ. ನಮ್ಮಿಂದ ತಪ್ಪಿಹೋಯ್ತು ಅಂತ ಅಲ್ಲೇ ಹೇಳಿದ್ರು." ಶೆರಿಲ್ ಡೊರೀನ್‌ಳನ್ನು ಅಪ್ಪಿಕೊಂಡಳು. "ಇದೆಲ್ಲ ನಿನ್ನಿಂದ. ಒಳಗೊಳಗೇ ನೀನೇ ಹೇಳಿ ಮಾಡಿಸಿದೀಯ ಅಂತ ನಂಗೆ ಗೊತ್ತು."

"ಇಲ್ಲ ಚಿನ್ನ. ನಾನು ಏನೂ ಮಾಡಿಲ್ಲ."

"ಹಾಗೇ ಹೇಳ್ಬೇಕು ನೀನು, ಗೊತ್ತು ಬಿಡು."

"ಆಣೆ ಮಾಡಿ ಹೇಳ್ತೀನಿ, ನಾನು ಏನೂ ಮಾಡಿಲ್ಲ. ನಾನು ಮಾಡಿದ್ದು ಅಷ್ಟೇ, ಏನೂ ಮಾಡ್ದೆ ಇದ್ದಿದ್ದು. ಆ ಮೂವರಿಗೆ ಥ್ಯಾಂಕ್ಸ್ ಹೇಳು. ಸುಳ್ಳು ಹೇಳದೆ ಇದ್ದಿದ್ದಕ್ಕೆ ಮೇಡಂಗೂ ಹೇಳು."

ಮೂವರಲ್ಲಿ ಯಾರು ಯಾವ ಕಡೆ ಇದ್ದರು ಎನ್ನುವುದು ಆ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ಬಾಗಿಲು ಹಾಕಿಕೊಂಡಾಗ ಕಾರ್ಯದರ್ಶಿಯಾಗಿ ಹಿಲರಿ ಒಳಗಿದ್ದಳು, ಅವಳಿಗೆ ಗೊತ್ತು. ಎಷ್ಟೋ ವರ್ಷಗಳ ಮೇಲೆ, ಈ ಚಳಿಗಾಲದಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿ ಒರಗಿ ಕೂತ ಡೊರೀನ್ ಒಂದು ಮಧ್ಯಾಹ್ನ ಕೇಳಿದಳು.

"ನೆವಿಲ್ ಹೋಗಿ ಎಷ್ಟೋ ಕಾಲ ಆಯ್ತು. ನಾನೂ ಹೊರಟಿದೀನಿ. ಈಗಲಾದ್ರೂ ಹೇಳೇ, ಅವರು ಯಾವ ಕಡೆ ಇದ್ರು?"

"ಚಹಾ ಆರ್ತಿದೆ, ಕುಡಿ" ಎಂದಳು ಹಿಲರಿ.

ಡೊರೀನ್ ಕೆಮ್ಮು ಬರುವಷ್ಟು ನಕ್ಕಳು. "ಒಳ್ಳೇ ಹುಡುಗಿ" ಎಂದಳು. ಹೇಳಿಬಿಡಬಹುದಿತ್ತೇ ಎಂದು ಹಿಲರಿಗೆ ಆಮೇಲೆ ಅನ್ನಿಸಿದ್ದುಂಟು. ಹೇಳಿದ್ದರೆ ಡೊರೀನ್ ಹಾಗೆ ನಗುತ್ತಿರಲಿಲ್ಲ.

ಆ ಮಂಗಳವಾರಕ್ಕೆ ಮರಳೋಣ. ಶೆರಿಲ್ ಹೋದ ಮೇಲೆ ಡೊರೀನ್ ರಸ್ತೆ ದಾಟಿ ಶಾಲೆಗೆ ಹೋದಳು. ಜ್ಯಾನೆಟ್ ತಮ್ಮ ಕೋಣೆಯಲ್ಲಿ ದೀಪವನ್ನೂ ಹಾಕದೆ ಕೂತಿದ್ದರು.

"ಗೆದ್ದೆ ಅಂತ ಹೇಳೋಕೆ ಬಂದಿದ್ರೆ ಇವತ್ತು ಬೇಡ ಡೊರೀನ್."

"ಅಂಗಡಿ ಸಾಲಿನ ಮುಂದೆ ಬಾಯಿಗೆ ಬಂದ ಹಾಗೆ ಮಾತಾಡಿದ್ದಕ್ಕೆ ಕ್ಷಮೆ ಕೇಳೋಕೆ ಬಂದೆ."

ಜ್ಯಾನೆಟ್ ಎದ್ದು ದೀಪ ಹಾಕಿದರು. "ನಂಗೆ ಕೋಪ ಬಂದಿದೆ. ನಿಮ್ಮ ಮೇಲೆ, ಅವರ ಮೇಲೆ, ಹೆಚ್ಚಾಗಿ ನನ್ನ ಮೇಲೇನೇ. ಆದ್ರೂ ಸೋಮವಾರ ಆ ಮಗು ಬರತ್ತೆ. ಬಂದ ಮೇಲೆ ಅವಳು ನಮ್ಮವಳೇ." ಆಮೇಲೆ ಹೇಳಿದರು: "ಏನಾದ್ರೂ ಮಾಡ್ಬೇಕು ಅಂತಿದ್ರೆ ಪೋಲೀನ್ ಮನೆಗೆ ಹೋಗಿ. ಎಲ್ರೂ ಆ ಹುಡುಗಿ ಬಗ್ಗೆ ಮಾತಾಡ್ತಿದಾರೆ. ಇವಳನ್ನ ಯಾರೂ ವಿಚಾರಿಸ್ತಿಲ್ಲ."

ಪೋಲೀನ್ ಬಾಗಿಲು ತೆರೆದಾಗ ಅವಳ ಮೊಣಕೈವರೆಗೆ ಪ್ಲಾಸ್ಟರ್ ಇತ್ತು. ಡೊರೀನ್ ತಂದ ಪೊಟ್ಟಣವನ್ನು ನೋಡಿದಳೇ ಹೊರತು ತೆಗೆದುಕೊಳ್ಳಲಿಲ್ಲ.

"ನೀನು ಅವರ ಕಡೆಯೋಳಲ್ವಾ? ಊರೆಲ್ಲ ಹೇಳ್ತಿದೆ."

"ನಿನ್ನ ಕೈ ಹೇಗಿದೆ ಅಂತ ಕೇಳೋಕೆ ಬಂದೆ. ಮೊದಲೇ ಬರ್ಬೇಕಿತ್ತು."

ಪೋಲೀನ್ ಒಳಗೆ ಬಿಟ್ಟುಕೊಂಡಳು. ಆಮೇಲೆ ಮಾತಾಡಿದವಳು ಪೋಲೀನ್. ಒಂದೇ ಕೈಯಲ್ಲಿ ಸ್ನಾನ ಮಾಡುವುದು, ರಾತ್ರಿ ನಿದ್ದೆ ಬಾರದ್ದು, ತಾನು ಜೋಡಿಗೆ ಅಕ್ಷರ ತಿದ್ದಿಸಿದ್ದು, ಅವಳೇ ಹೀಗೆ ಮಾಡಿದಳಲ್ಲ ಎನ್ನುವ ಸಂಕಟ. ಡೊರೀನ್ ಮಧ್ಯೆ ಬಾಯಿ ಹಾಕಲಿಲ್ಲ. ಮೀನು ತಣ್ಣಗಾಗಿ ಕಾಗದಕ್ಕೆ ಅಂಟಿಕೊಂಡಿತು.

"ಏನಾದ್ರೆ ನಿಂಗೆ ವಾಪಸು ಬರೋಕೆ ಧೈರ್ಯ ಬರತ್ತೆ?" ಎಂದು ಕೊನೆಗೆ ಕೇಳಿದಳು.

"ಆ ಕೋಣೇಲಿ ಅವಳ ಜೊತೆ ನಾನೊಬ್ಬಳೇ ಇರೋದು ಬೇಡ. ಇನ್ನೊಬ್ಬರು ದೊಡ್ಡೋರು ಇರ್ಲಿ. ಅಷ್ಟೇ."

'ಆಗ್ಲಿ ಚಿನ್ನ, ನಾನು ನೋಡ್ಕೋತೀನಿ' ಎನ್ನುವ ಮಾತು ಡೊರೀನಳ ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಅದನ್ನು ನುಂಗಿದಳು.

"ನಾನು ಮಾತು ಕೊಡೋ ಹಾಗಿಲ್ಲ ಪೋಲೀನ್. ನಾಳೆ ಬೆಳಿಗ್ಗೆ ಮೇಡಂ ಹತ್ರ ಕೇಳ್ತೀನಿ. ಆಗ್ಲಿಲ್ಲ ಅಂದ್ರೆ ಸಭೇಲಿ ಕೇಳ್ತೀನಿ. ಉತ್ತರ ಬರೋ ತನಕ ಕೇಳ್ತಾನೇ ಇರ್ತೀನಿ. ಅದು ನನ್ನ ಕೆಲಸ."

ಪೋಲೀನ್ ತಣ್ಣಗಾದ ಒಂದು ಚಿಪ್ಸ್ ಎತ್ತಿ ಬಾಯಿಗೆ ಹಾಕಿಕೊಂಡಳು. "ಥೂ, ಮೆತ್ತಗಾಗಿದೆ" ಎಂದಳು. ಇನ್ನೊಂದು ಎತ್ತಿಕೊಂಡಳು. ಆ ಚಳಿಗಾಲದಲ್ಲಿ ತನಗೆ ಸಿಕ್ಕ ದೊಡ್ಡ ಉಪಕಾರ ಅದು ಎಂದು ಡೊರೀನ್ ಹೇಳುತ್ತಿದ್ದಳು.

ಡೊರೀನ್ ಕೇಳಿದಳು, ಜ್ಯಾನೆಟ್ ಒಪ್ಪಿದರು. ಅಜ್ಜಿಯನ್ನು ಕಳೆದುಕೊಂಡ ಮಗುವಿನ ಜೊತೆ ಕೂತು ಮಾತಾಡಲು ಹೊಸಬರೊಬ್ಬರು ಬರುವ ಹಾಗೂ ಆಯಿತು.

ಸೋಮವಾರ ಬೆಳಿಗ್ಗೆ ಡೊರೀನ್ ಅಂಗಡಿಗೆ ರಜೆಯಾದರೂ ಕಿಟಕಿಯ ಬಳಿ ಆಲೂಗೆಡ್ಡೆ ಸುಲಿಯುತ್ತ ಕೂತಿದ್ದಳು. ರಸ್ತೆ ದಾಟಿ ಹೋಗಬಾರದೆಂದು ತನಗೆ ತಾನೇ ಕಟ್ಟುಹಾಕಿಕೊಂಡಿದ್ದಳು. ಮಂಜು ಸುರಿದು ಗೇಟಿನ ಸರಳುಗಳು ಬೆಳ್ಳಗಾಗಿದ್ದವು. ಜ್ಯಾನೆಟ್ ಎಂಟು ಗಂಟೆಗೇ ಬಂದು ಗೇಟಿನಲ್ಲಿ ನಿಂತಿದ್ದರು, ಕೋಟಿನ ಕಾಲರ್ ಮೇಲೆತ್ತಿಕೊಂಡು, ಬರುವ ಒಂದೊಂದು ಮಗುವಿನ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಶೆರಿಲ್‌ಳೂ ಜೋಡಿಯೂ ಮೂಲೆ ತಿರುಗಿ ಬಂದರು. ಗೇಟು ಇನ್ನೂ ಹತ್ತು ಮಾರು ದೂರ ಇರುವಾಗ ಹುಡುಗಿ ನಿಂತುಬಿಟ್ಟಳು. ತಾಯಿ ಕೈ ಜಗ್ಗಿದಳು. ಹುಡುಗಿ ಕದಲಲಿಲ್ಲ.

ಜ್ಯಾನೆಟ್ ಗೇಟು ಬಿಟ್ಟು ನಡೆದು ಬಂದು, ಹುಡುಗಿಯ ಎತ್ತರಕ್ಕೆ ಬಗ್ಗಿ, ಏನೋ ಹೇಳಿದರು. ಗಾಜಿನ ಇತ್ತ ಅದು ಕೇಳಿಸಲಿಲ್ಲ. ಹುಡುಗಿಯೂ ಏನೋ ಹೇಳಿದಳು. ಆಮೇಲೆ ಇಬ್ಬರೂ ಒಳಗೆ ಹೋದರು. ಕೈ ಹಿಡಿದುಕೊಂಡಿರಲಿಲ್ಲ, ಅಕ್ಕಪಕ್ಕ ನಡೆಯುತ್ತಿದ್ದರು ಅಷ್ಟೇ.

ಸ್ವಲ್ಪ ಹೊತ್ತಿಗೆ ಜ್ಯಾನೆಟ್ ಒಬ್ಬರೇ ಗೇಟು ಹಾಕಲು ಬಂದರು. ಅಗುಳಿ ಹಾಕಿ, ತಲೆಯೆತ್ತಿ, ರಸ್ತೆಯಾಚೆಯ ಕಿಟಕಿಯ ಕಡೆ ನೋಡಿದರು. ಡೊರೀನ್ ಅರ್ಧ ಸುಲಿದ ಆಲೂಗೆಡ್ಡೆ ಹಿಡಿದ ಕೈಯನ್ನೇ ಮೇಲೆತ್ತಿದಳು. ಜ್ಯಾನೆಟ್ ಕೂಡ ಕೈ ಎತ್ತಿದರು.